ಕಾಕಾನ ಅನ್ನನಾಳ, ಪರದೇಶದ ಇಲಿಗಳು

ಇಳಕಲ್ಲಿನ ನಮ್ಮ ಕಾಕಾ ಮಗ್ಗದಲ್ಲಿ ಕೂತರೆ ಏಳುತ್ತಿದ್ದುದು ಊಟಕ್ಕೆ, ಇಲ್ಲವೇ ವಾದಕ್ಕೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವನಿಗೆ ಊಟ ಇಳಿಯುವುದು ನಿಂತಿತು. ವಾದಕ್ಕೇನೂ ಆಗಲಿಲ್ಲ.

ರೊಟ್ಟಿಯ ತುತ್ತು ಎದೆಯಲ್ಲಿ ಸಿಕ್ಕಿಕೊಂಡು ಮರಳಿ ಬಾಯಿಗೆ ಬರುತ್ತಿತ್ತು. ಬಾಗಲಕೋಟೆಯ ಡಾಕ್ಟರು ನಳಿಕೆ ಇಳಿಸಿ ನೋಡಿ, ಅನ್ನನಾಳದ ಕೆಳತುದಿಯ ಸ್ನಾಯು ಕೆಟ್ಟು ಬಿಗಿದುಕೊಂಡಿದೆ, ಒಳಗೆ ಬಲೂನು ಉಬ್ಬಿಸಿ ದಾರಿ ಅಗಲ ಮಾಡಬಹುದು ಎಂದರು. ಕಾಕಾ ಹುಬ್ಬು ಗಂಟಿಕ್ಕಿದ. ಅಷ್ಟರಲ್ಲಿ ಅವನು ಪೇಪರು ಓದಿಯಾಗಿತ್ತು. ಸ್ಟೆಮ್ ಸೆಲ್ ಎಂಬ ಜೀವಕೋಶ ಹಾಕಿ ಹಾಳಾದ ಸ್ನಾಯುವನ್ನು ಹೊಸದಾಗಿ ಬೆಳೆಸುತ್ತಾರೆಂದು ಅದರಲ್ಲಿ ಬಂದಿತ್ತು.

"ಮಗ್ಗದ ಹಾಸಿನ್ಯಾಗ ಎಳಿ ಹರದ್ರ ನಾವು ಹೊಸಾ ಎಳಿ ಕೂಡಸ್ತೇವ್ರಿ. ಮಗ್ಗಕ್ಕ ಪುಗ್ಗಾ ಊದೂದಿಲ್ಲ," ಎಂದ.

"ಅದು ಪರದೇಶದಾಗ ಇನ್ನೂ ಇಲಿಗಳ ಮ್ಯಾಲೆ ನಡದೈತ್ರಿ ಯಜಮಾನ್ರ. ಮನಷ್ಯಾರಿಗೆ ಬರಾಕ ಭಾಳ ವರ್ಷ ಬೇಕು," ಎಂದರು ಡಾಕ್ಟರು.

"ಕಾಯ್ತೇನ್ರಿ," ಎಂದು ಹೇಳಿ ಕಾಕಾ ಊರಿನ ಬಸ್ಸು ಹತ್ತಿದ.

ಕಾದ. ಗಂಜಿ ಕುಡಿಯುತ್ತ, ಅದನ್ನೂ ಕಕ್ಕುತ್ತ ಕಾದ. ಅಂಗಿಯೊಳಗೆ ಅವನನ್ನು ಹುಡುಕಬೇಕಾಗಿ ಬಂದಾಗಲೂ, ನೋಡಲು ಬಂದವರಿಗೆ ಚಹಾ ಕೊಡಿಸಿ ಹೊಸ ಸ್ನಾಯುವಿನ ಮೇಲೆ ಭಾಷಣ ಮಾಡುತ್ತಿದ್ದ. ಅವರು ಅವನೆದುರು ತಲೆದೂಗಿ, ಹೊರಗೆ ಬಂದು ನನ್ನನ್ನು ತಡೆದು, ಇನ್ನೆಷ್ಟು ದಿನ ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ. ಮನೆಯ ಇಲಿಗಳು ರೇಷ್ಮೆ ಕಡಿದರೂ ಕಾಕಾನಿಗೆ ಅವುಗಳ ಮೇಲೆ ಗೌರವ ಬೆಳೆದಿತ್ತು. ವಿಷ ಇಡಲು ಬಿಡುತ್ತಿರಲಿಲ್ಲ. ಕಾಕಿ ಬೋನು ಇಡತೊಡಗಿದಳು.

ಒಂದು ಬೆಳಿಗ್ಗೆ ಆಕೆ ಬೋನನ್ನು ತಂದು ಅವನ ಮುಂದಿಟ್ಟಳು. ಒಳಗೆ ದಪ್ಪನೆಯ ಇಲಿಯೊಂದು ರೊಟ್ಟಿ ತಿನ್ನುತ್ತಿತ್ತು, ನಮ್ಮ ಕಡೆ ನೋಡಲೂ ಇಲ್ಲ.

"ಎಷ್ಟು ಛಂದ ನುಂಗತೈತಿ ನೋಡು," ಎಂದ ಕಾಕಾ.

"ಅದು ನಿಮ್ಮ ಪಾಲಿನ ರೊಟ್ಟಿ. ಇವತ್ತರ ತಿಂತೀರಿ ಅಂತ ದಿನಾ ಒಂದು ರೊಟ್ಟಿ ಬಡೀತೇನ್ರಿ. ಉಳದದ್ದು ಬೋನಿಗೆ ಹೋಗತೈತಿ."

ಕಾಕಾ ವಾದಿಸಲಿಲ್ಲ. ಮರುದಿನ ಬಾಗಲಕೋಟೆಗೆ ಹೋಗಿ ಬಲೂನು ಊದಿಸಿಕೊಂಡ.

ಗಟ್ಟಿ ಊಟಕ್ಕೆ ಡಾಕ್ಟರು ಅಪ್ಪಣೆ ಕೊಟ್ಟ ದಿನ ಮನೆಯವರೆಲ್ಲ ಅವನ ಗಂಟಲನ್ನೇ ನೋಡುತ್ತ ಕೂತೆವು. ಕಾಕಾ ಬಿಸಿ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ ಬಾಯಿಗಿಟ್ಟು, ಬಹಳ ಹೊತ್ತು ಅಗಿದು ನುಂಗಿದ. ತುತ್ತು ಮರಳಿ ಬರಲಿಲ್ಲ.

"ಪಲ್ಯಾಕ್ಕ ಉಪ್ಪು ಕಡಿಮಿ ಆಗೈತಿ," ಎಂದ.

ಇಷ್ಟು ತಿಂಗಳು ಕಣ್ಣೀರು ಹಾಕದ ಕಾಕಿ, ಉಪ್ಪು ತರಲು ಎದ್ದವಳು, ಅಡುಗೆಮನೆಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಉಪ್ಪಿಗೆ ಕಾಯದೆ ಕಾಕಾ ಇನ್ನೊಂದು ತುತ್ತು ಮುರಿದ.