ಒಮ್ಮೆ ಮಾತ್ರ ಕೇಳುವ ದೇಶ

ಯಾರಾದರೂ ಏನನ್ನಾದರೂ ಕೊಡಲು ಬಂದರೆ ಮೊದಲ ಸಲಕ್ಕೇ ‘ಹೂಂ’ ಅನ್ನುವುದು ನನ್ನಿಂದಾಗದು. ಹೊಟ್ಟೆ ಚುರುಗುಡುತ್ತಿದ್ದರೂ ಬಾಯಿ ತಾನಾಗಿ “ಬ್ಯಾಡ್ರಿ, ಈಗಷ್ಟ ಆತು” ಎಂದುಬಿಡುತ್ತದೆ. ಇದು ನನ್ನೊಬ್ಬನ ರೋಗವಲ್ಲ, ಊರಿಗೆ ಊರೇ ಹೀಗೆ. ನಮ್ಮ ತಂಬೂರಿನಲ್ಲಿ ಮೊದಲ ‘ಬ್ಯಾಡ’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳುವ ಹೊತ್ತಿಗೆ ರೊಟ್ಟಿ ತಾಟಿನಲ್ಲಿ ಬಿದ್ದಿರುತ್ತದೆ. ಕೇಳುವವರಿಗೂ ಇದು ಗೊತ್ತಿರುವುದರಿಂದ ಯಾರೂ ಉಪವಾಸ ಏಳುವುದಿಲ್ಲ.

ಎಂಬತ್ತರ ದಶಕದ ನಡುವೆ ಒಂದು ದಿನ, ಹಾಲಿನ ಸಂಘದಲ್ಲಿ ನೌಕರಿ ಮಾಡುತ್ತಿದ್ದ ನನಗೆ ಆರು ತಿಂಗಳ ತರಬೇತಿಗಾಗಿ ಡೆನ್ಮಾರ್ಕಿಗೆ ಹೋಗಬೇಕೆಂಬ ಕಾಗದ ಬಂತು. ಅಲ್ಲಿಯವರೆಗೆ ನಾನು ಕಂಡ ಪರದೇಶವೆಂದರೆ ಮುಂಬಯಿ. ಉಣ್ಣೆಯ ಕೋಟು ಹೊಲಿಸಿದೆ, ಶಾಲೆಯಿಂದ ಭೂಪಟ ತಂದು ನೋಡಿದೆ, ಶೇಂಗಾ ಚಟ್ನಿಯನ್ನು ಮೂರು ಡಬ್ಬಿ ತುಂಬಿಸಿಟ್ಟೆ. “ಅಲ್ಲಿ ಎಮ್ಮಿನ ಇಲ್ಲಂತ, ಚಾ ಹೆಂಗ ಕುಡೀತಾರೋ ಏನೋ!” ಎಂದು ಹಾಲು ಹಾಕಲು ಬರುವವರೆಲ್ಲ ನನಗಾಗಿ ಮರುಗಿದರು.

ಉಪಯೋಗದ ಮಾತು ಹೇಳಿದವನು ಇಮಾಮಸಾಬ ಕಾಕಾ ಒಬ್ಬನೇ. ಬಸ್ಸು ನಿಲ್ಲುವಲ್ಲಿ ಚಹಾದ ಅಂಗಡಿ ಇಟ್ಟಿದ್ದ ಅವನು ಹರೆಯದಲ್ಲಿ ಹಡಗಿನ ಅಡುಗೆಯವನಾಗಿ ದೇಶ ದೇಶ ತಿರುಗಿದ್ದ.

“ಚಳಿಗೆ ಕೋಟು ಐತಿ, ಅದು ಖರೆ. ಆದ್ರ ಆ ಮಂದಿ ಒಂದ ಸಲ ಕೇಳ್ತಾರ ನೋಡಪಾ,” ಅಂದ. “ಬ್ಯಾಡ ಅಂದ್ಯೋ, ಬ್ಯಾಡಂತಲೇ ತಿಳಕೊಂಡು ತಾಟು ಎತ್ತಿ ಒಳಗ ಇಡ್ತಾರ. ನನ್ನ ಒಬ್ಬಾವ ಊಟಕ್ಕ ಕರದಿದ್ದ. ಶಾಣ್ಯಾ ಅನ್ನಿಸ್ಕೊಳ್ಳಾಕ ಹೋಗಿ ಬರೇ ನೀರು ಕುಡದು ಬಂದೆ.”

ಮನೆಗೆ ಬಂದು ಹೆಂಡತಿ ಗಂಗಾಳಿಗೆ ಹೇಳಿದೆ: ಇನ್ನು ನೀನು ಒಮ್ಮೆ ಮಾತ್ರ ಕೇಳಬೇಕು, ನಾನು ರೂಢಿ ಮಾಡಿಕೊಳ್ಳಬೇಕು. ಅವಳು ಸೆರಗು ಬಾಯಿಗಿಟ್ಟು ನಕ್ಕಳು, ಆದರೆ ಒಪ್ಪಿದಳು.

ಅಂದು ಎಣ್ಣೆಗಾಯಿ ಮಾಡಿದ್ದಳು. “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?”

“ಸಾಕು, ಬ್ಯಾಡ.”

“ಹಂಗಾದ್ರ ಆತ ಬಿಡ್ರಿ,” ಎಂದು ರೊಟ್ಟಿಯ ಬುಟ್ಟಿಯನ್ನು ಎತ್ತಿಕೊಂಡು ಹೋಗಿಯೇಬಿಟ್ಟಳು! ನನ್ನ ಬೆರಳು ಎಣ್ಣೆಗಾಯಿಯಲ್ಲೇ ಉಳಿಯಿತು. ನಾಲ್ಕು ದಿನ ಹೀಗೆಯೇ ಅರೆಹೊಟ್ಟೆ. ಐದನೆಯ ದಿನ ಅವಳು ಬಾಯಿ ತೆರೆಯುವ ಮೊದಲೇ “ಹಾಕು” ಎಂದು ಕೂಗಿದೆ. ಈ ನಡುವೆ ಕುಂದಗೋಳದಿಂದ ನಮ್ಮಕ್ಕನ ಗಂಡ ಬಂದ. ರೂಢಿ ಬಿದ್ದಿದ್ದ ಗಂಗಾ ಅವನನ್ನೂ ಒಮ್ಮೆಯೇ ಕೇಳಿ ಮುಂದೆ ಹೋದಳು. ಆ ಮನುಷ್ಯ ಒಂದೇ ರೊಟ್ಟಿ ತಿಂದು, ಮುಖ ಗಂಟಿಕ್ಕಿಕೊಂಡು, ಸಂಜೆಯ ಬಸ್ಸಿಗೇ ಹೊರಟುಹೋದ.

ಯೋಚಿಸಿದರೆ, ನಾವು ದೇವರಿಗೆ ಹದಿನಾರು ಉಪಚಾರ ಮಾಡುತ್ತೇವೆ. ಅವನು ಒಂದಕ್ಕೂ ಬೇಡ ಎಂದದ್ದಿಲ್ಲ. ಮನುಷ್ಯರು ಮಾತ್ರ ಬೇಡವೆಂದು ಹೇಳಿ, ಎದುರಿನವರು ಅದನ್ನು ನಂಬದಿರಲಿ ಎಂದು ಕಾಯುತ್ತಾರೆ. ನನ್ನ ಮದುವೆಯೂ ಹಾಗೆಯೇ ಆದದ್ದು. ಹುಡುಗ ಒಪ್ಪಿಗೆಯೇ ಎಂದು ಕೇಳಿದಾಗ ಗಂಗಾ “ನನಗೇನ ಗೊತ್ತು” ಅಂದಿದ್ದಳು. ಹಿರಿಯರು ಅದನ್ನು ‘ಹೂಂ’ ಎಂದು ತಿಳಿದು ಎಲೆಅಡಿಕೆ ಹಂಚಿದರು. ಡೆನ್ಮಾರ್ಕಿನಲ್ಲಾಗಿದ್ದರೆ ನಾನಿನ್ನೂ ಬ್ರಹ್ಮಚಾರಿ.

ಹೊರಡುವ ದಿನ ಬಂತು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ರೈಲು. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಗಾಳನ್ನು ಒಂದು ವಾರಕ್ಕಿಂತ ಹೆಚ್ಚು ಬಿಟ್ಟಿದ್ದವನಲ್ಲ ನಾನು. ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು: “ಹುಬ್ಬಳ್ಳಿ ತನಕಾ ಬರ್ಲೇನ್ರಿ?”

ಅವಳು ಬರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಆ ಆಸೆಗೇ ನಾಚಿಕೆಯಾಯಿತು. “ಯಾಕ ಸುಮ್ನ? ಬ್ಯಾಡ,” ಅಂದೆ.

“ಹಂಗಾದ್ರ ಆತ ಬಿಡ್ರಿ,” ಎಂದು ಒಳಗೆ ಹೋದಳು.

ಬಸ್ಸಿಗಾಗಿ ಕಾಯುತ್ತಾ ಕಾಕಾನ ಅಂಗಡಿಯ ಮುಂದೆ ಟ್ರಂಕಿನ ಮೇಲೆ ಕುಳಿತೆ. ಅವನು ಚಹಾ ಬೇಕೇ ಅಂದ. ಬೇಡ ಅಂದೆ. ಕೇಳಿಸದವನಂತೆ ಬಿಸಿ ಕಪ್ಪನ್ನು ಕೈಗಿಟ್ಟು, “ಗಂಗವ್ವ ಎಲ್ಲಿ?” ಅಂದ.

“ಬರ್ತೀನಿ ಅಂದ್ಲು. ನಾನ ಬ್ಯಾಡಂದೆ.”

“ಹುಚ್ಚಪ್ಪ, ವಿಮಾನಾ ಹತ್ತೂಕಿಂತ ಮೊದಲ ಉಪಾಸ ಬಿದ್ದಿ! ಟ್ರಂಕ್ ನಾ ನೋಡ್ತೀನಿ, ನಡಿ ಅತ್ಲಾಗ. ಬಸ್ ನಿಲ್ಲಸ್ತೀನಿ.”

ಕೋಟು ತೊಟ್ಟುಕೊಂಡೇ ಓಡಿದೆ. ಓಣಿಯ ಮಂದಿ, ಪಾಸ್‌ಪೋರ್ಟು ಮರೆತನೆಂದುಕೊಂಡರು.

ಗಂಗಾ ಪಡಸಾಲೆಯಲ್ಲಿ ಕುಳಿತಿದ್ದಳು. ನಾನು ಹೊರಡುವಾಗ ಮಾಸಿದ ಸೀರೆಯಲ್ಲಿದ್ದವಳು ಈಗ ಇಳಕಲ್ ಸೀರೆ ಉಟ್ಟಿದ್ದಳು. ತಲೆ ಬಾಚಿಕೊಂಡಿದ್ದಳು. ಮಗ್ಗುಲಲ್ಲಿ ಕೈಚೀಲ, ಕಾಲಲ್ಲಿ ಚಪ್ಪಲಿ.

“ಇನ್ನೊಮ್ಮೆ ಕೇಳು,” ಅಂದೆ, ಏದುಸಿರು ಬಿಡುತ್ತಾ.

“ಒಂದ ಸಲ ಕೇಳ್ಬೇಕಂತ ನೀವ ಹೇಳೀರಿ,” ಅಂದಳು. ಅವಳ ಕಣ್ಣು ತುಂಬಿತ್ತು.

ಹಾಗಾದರೆ ಕೇಳುವ ಸರದಿ ನನ್ನದು. “ಗಂಗಾ, ಹುಬ್ಬಳ್ಳಿ ತನಕಾ ಬಾ,” ಅಂದೆ.

ಅವಳು ಕೈಚೀಲವನ್ನು ಹೆಗಲಿಗೇರಿಸಿ, ಎದ್ದು ನಿಂತು, ನೆಲ ನೋಡುತ್ತಾ ಹೇಳಿದಳು: “ಬ್ಯಾಡ್ರಿ, ಯಾಕ ಸುಮ್ನ?”

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಡೆನ್ಮಾರ್ಕ್ ಇನ್ನೂ ಬಹಳ ದೂರವಿತ್ತು. ನಾನು ಎರಡನೆಯ ಸಲ ಕೇಳಿದೆ.