ಹಿಂದಿನ ಸೀಟಿನಲ್ಲಿ ಆಂಜನೇಯ

ನಾನು ಕಾರು ಓಡಿಸಲು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಮಾಸ್ತಿ ಕಡೆಯ ನಮ್ಮ ಹಳ್ಳಿಯಿಂದ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಗೆ ಎರಡು ಬಸ್ಸು ಹತ್ತಬೇಕಿತ್ತು. ಮೊದಲನೆಯದು ಬರುತ್ತಿತ್ತು, ಎರಡನೆಯದು ಬಂದರೆ ಬಂತು. ಬೇಸತ್ತು, ಯಾರೋ ಓಡಿಸಿ ಸಾಕಾಗಿದ್ದ ಒಂದು ಬಿಳಿ ಕಾರು ಕೊಂಡೆ. ನಮ್ಮ ಯಜಮಾನರಿಗೆ ಹಿಪ್ಪುನೇರಳೆ ತೋಟ, ರೇಷ್ಮೆಹುಳು, ರಾಗಿ ಹೊಲ ಇಷ್ಟೇ ಪ್ರಪಂಚ. ಸ್ಟೇರಿಂಗ್ ಮುಟ್ಟಿದವರಲ್ಲ. ಹಾಗಾಗಿ ಊರಲ್ಲಿ ಕಾರು ಓಡಿಸುವ ಹೆಂಗಸು ನಾನೊಬ್ಬಳೇ. ನಾನು ಕಾರನ್ನು ಹಿಂದಕ್ಕೆ ತೆಗೆಯುವಾಗ ಅರಳಿಕಟ್ಟೆಯ ಮೇಲೆ ಕೂತ ಗಂಡಸರೆಲ್ಲ ಕಾಲು ಮೇಲಕ್ಕೆತ್ತಿಕೊಳ್ಳುತ್ತಿದ್ದರು. ಕಟ್ಟೆ ಇದ್ದದ್ದು ಇಪ್ಪತ್ತು ಅಡಿ ದೂರದಲ್ಲಿ.

ಕಾರಿಗೆ ಇದ್ದ ರೋಗ ಒಂದೇ, ಬ್ಯಾಟರಿಯದು. ಒಂದು ಸಲ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದು ಅದರ ಮರ್ಜಿ. ಬದಲಾಯಿಸಬೇಕು ಬದಲಾಯಿಸಬೇಕು ಎನ್ನುತ್ತಲೇ ಎರಡು ಬೇಸಿಗೆ ಕಳೆದಿದ್ದವು.

ಆ ವರ್ಷ ಊರಿನವರು ಆಂಜನೇಯನ ಗುಡಿ ಹೊಸದಾಗಿ ಕಟ್ಟಿಸಿದರು. ವಿಗ್ರಹವನ್ನು ಶಿವಾರಪಟ್ಟಣದ ಶಿಲ್ಪಿಯೊಬ್ಬರಿಗೆ ಹೇಳಿದ್ದರು. ಎರಡಡಿ ಎತ್ತರದ ಕಪ್ಪು ಕಲ್ಲಿನ ಆಂಜನೇಯ. ತರುವ ದಿನ ಗೊತ್ತುಮಾಡಿದ್ದ ಟೆಂಪೋ ಕೈಕೊಟ್ಟಿತು. “ಟೀಚರಮ್ಮನ ಕಾರೈತಲ್ಲ” ಎಂದು ಯಾರೋ ಅಂದರು. ಅದುವರೆಗೆ ಕಾಲೆತ್ತಿಕೊಳ್ಳುತ್ತಿದ್ದವರೇ ಈಗ ದೇವರನ್ನು ನನ್ನ ಕೈಗೆ ಒಪ್ಪಿಸುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಊರಿನ ಮೂವರು ಗಂಡಸರೂ ಶಿಲ್ಪಿಯೂ ಸೇರಿ ವಿಗ್ರಹವನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಪ್ರತಿಷ್ಠೆಯ ದಿನ ಕಣ್ಣು ತೆರೆಸುವವರೆಗೆ ಮುಖ ಯಾರಿಗೂ ಕಾಣಬಾರದೆಂದು ತಲೆಯ ಮೇಲಿಂದ ನಮ್ಮತ್ತೆಯ ಕಂದು ಕಂಬಳಿ ಹೊದಿಸಿದರು. ಬ್ರೇಕ್ ಹಾಕಿದಾಗ ಮುಂದಕ್ಕೆ ಬೀಳಬಾರದೆಂದು ನಾನೇ ಸೀಟ್ ಬೆಲ್ಟ್ ಎಳೆದು ಹಾಕಿದೆ. ಗಂಡಸರು, ಗುಡಿಯಲ್ಲಿ ಇಳಿಸಿಕೊಳ್ಳಲು ಸಿದ್ಧ ಮಾಡುತ್ತೇವೆಂದು ಬೈಕುಗಳಲ್ಲಿ ಮುಂದೆ ಹೋದರು.

ಮಾಲೂರು ಪೇಟೆ ದಾಟುವಾಗ ಹೂವಿನಂಗಡಿ ಕಂಡಿತು. ದೇವರು ಊರಿಗೆ ಬರುವಾಗ ಬರಿಗೊರಳಲ್ಲಿ ಬರುವುದೇ? ಎಂಜಿನ್ ಆಫ್ ಮಾಡಿದರೆ ಬ್ಯಾಟರಿಯ ಭಯ. ಓಡುತ್ತಿರಲಿ ಎಂದು ಹಾಗೇ ಬಿಟ್ಟು ಇಳಿದೆ. ಎರಡೇ ನಿಮಿಷ. ಆದರೆ ಸೇವಂತಿಗೆ ಹಾರವೋ ಕನಕಾಂಬರವೋ ಎಂದು ನಾನು ಹೂವಿನವಳ ಜೊತೆ ಚರ್ಚೆಗಿಳಿದೆ. ಸೇವಂತಿಗೆ ಎಂದು ತೀರ್ಮಾನಿಸಿ ತಿರುಗಿ ನೋಡಿದರೆ ಕಾರು ಇದ್ದ ಜಾಗದಲ್ಲಿ ಒಂದು ಹಸು ನಿಂತಿತ್ತು.

“ನಿಮ್ಮ ಕಾರು ಆವಾಗ್ಲೇ ಹೋಯ್ತಲ್ಲಕ್ಕಾ. ನಿಮ್ಮೋರೇ ಅಂದ್ಕಂಡೆ” ಎಂದಳು ಹೂವಿನವಳು.

ಪೊಲೀಸ್ ಠಾಣೆಗೆ ಹೋದಾಗ ಕೈಯಲ್ಲಿ ಹಾರ ಹಾಗೇ ಇತ್ತು. ದೂರು ಬರೆದುಕೊಳ್ಳುವ ರೈಟರ್, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಸಮಾಧಾನದ ಮನುಷ್ಯ, ನನ್ನನ್ನೂ ಹಾರವನ್ನೂ ನೋಡಿ ಕುರ್ಚಿ ಕೊಟ್ಟರು. ಬಣ್ಣ, ನಂಬರು ಎಲ್ಲ ಬರೆದುಕೊಂಡ ಮೇಲೆ ಕೇಳಿದರು.

“ಕಾರಲ್ಲಿ ಯಾರಾದ್ರೂ ಇದ್ರಾ ಮೇಡಂ?”

“ಆಂಜನೇಯ ಇದ್ದ ಸಾರ್.” ನನಗೆ ಅಳು ಬಂತು. “ಹಿಂದಿನ ಸೀಟಲ್ಲಿ ಕೂತಿದ್ದ. ಬೆಲ್ಟ್ ಕೂಡ ಹಾಕಿದ್ದೆ.”

ರೈಟರ್ ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ಲಿಗೆ, “ಲೇ, ಸಾಹೇಬ್ರಿಗೆ ಫೋನ್ ಮಾಡು, ಕಿಡ್ನಾಪ್ ಐತೆ” ಎಂದರು. ಮತ್ತೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಗಾಬರಿ ಆಗ್ಬೇಡಿ. ಹುಡುಗನ ವಯಸ್ಸೆಷ್ಟು?”

“ನಿನ್ನೆ ತಾನೇ ಮುಗೀತು ಸಾರ್.”

“ಏನ್ ಮುಗೀತು, ಡಿಗ್ರಿನಾ?”

“ಅಲ್ಲ, ಪಾಲಿಶು.”

ವಿಷಯ ತಿಳಿಯಾಗಲು ಹತ್ತು ನಿಮಿಷ ಹಿಡಿಯಿತು. ಕಾನ್‌ಸ್ಟೇಬಲ್ ಸಾಹೇಬರಿಗೆ ಮತ್ತೆ ಫೋನ್ ಮಾಡಿ ಕಿಡ್ನಾಪ್ ವಾಪಸ್ ತೆಗೆದುಕೊಂಡ. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ ಬಂತು.

“ಕೀ ಎಲ್ಲಿತ್ತು?”

“ಬ್ಯಾಗಲ್ಲಿ” ಎಂದೆ.

ಇಪ್ಪತ್ತೈದು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಪಾಠ ಮಾಡಿದ ಬಾಯಿ ಅದು. ಆದರೆ ಆ ಕ್ಷಣ ನನ್ನ ಕಣ್ಣೆದುರಿಗೆ ಇದ್ದದ್ದು ಅರಳಿಕಟ್ಟೆ. ಕೀಯನ್ನು ಕಾರಿನಲ್ಲೇ ಬಿಟ್ಟಳಂತೆ, ಎಂಜಿನ್ ಬೇರೆ ಓಡುತ್ತಿತ್ತಂತೆ, ಹೆಂಗಸರ ಕೈಗೆ ಕಾರು ಕೊಟ್ಟರೆ ಇಷ್ಟೇ. ಈ ಮಾತುಗಳೆಲ್ಲ ಹೇಳುವವರ ಮುಖದ ಸಮೇತ ನನಗೆ ಕೇಳಿಸುತ್ತಿದ್ದವು.

ಯಜಮಾನರಿಗೆ ಫೋನ್ ಮಾಡಿದೆ. “ರೀ, ಕಾರು ಹೋಯ್ತು.”

“ದೇವ್ರು?”

“ದೇವ್ರೂ ಹೋದ.”

“ನೀನು ಇದ್ದೀಯಲ್ಲ, ಸಾಕು, ಬಾ” ಎಂದರು.

ಊರಿನವರು ಅಷ್ಟು ಸುಲಭದಲ್ಲಿ ಬಿಡಲಿಲ್ಲ. ಸಂಜೆ ನಮ್ಮ ಜಗಲಿಯ ಮೇಲೆ ಪಂಚಾಯಿತಿಯೇ ಸೇರಿತು. ಕಾರಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಎಲ್ಲರದೂ ದೇವರದೇ ಚಿಂತೆ. ಅಪಶಕುನ ಎಂದರು ಒಬ್ಬರು. ಶಾಂತಿ ಮಾಡಿಸಬೇಕು ಎಂದರು ಇನ್ನೊಬ್ಬರು. ಎಲೆ ಅಡಿಕೆ ಕುಟ್ಟುತ್ತಿದ್ದ ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಹೇಳಿದರು, “ಲಂಕೆಗೆ ಹೋಗಿ ಬಂದೋನಿಗೆ ಮಾಲೂರಿಂದ ದಾರಿ ಗೊತ್ತಿಲ್ವೇನ್ರಪ್ಪಾ? ಬರ್ತಾನೆ ಹೋಗಿ, ಮುದ್ದೆ ಆರ್ತದೆ.”

ಸಭೆ ಮುಗಿಯಿತು.

ನನಗೆ ಇನ್ನೊಂದು ಸಂಕಟ ಶುರುವಾಯಿತು. ಕಾರಿನ ಕೀ ಜೊತೆಗೇ ಶಾಲೆಯ ಆಫೀಸಿನ ಕೀ, ಬೀರುವಿನ ಕೀ ಎಲ್ಲ ಒಂದೇ ಗೊಂಚಲು. ಮರುದಿನ ಜವಾನ ಆಫೀಸಿನ ಬಾಗಿಲಲ್ಲಿ ಕಾಯುತ್ತಿದ್ದ. ಮನೆಯಲ್ಲಿ ಮರೆತೆ ಎಂದೆ. ಅದರ ಮರುದಿನವೂ ಮರೆತೆ ಎಂದೆ. ಮೂರನೆಯ ದಿನ ಅವನು ನನ್ನನ್ನು ಕೇಳದೆ ಸುತ್ತಿಗೆ ತಂದ.

ಅವತ್ತೇ ಮಧ್ಯಾಹ್ನ ರೈಟರ್ ಫೋನ್ ಮಾಡಿದರು. ಕಾರು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಹತ್ತಿರ ಒಂದು ಮಾವಿನ ತೋಪಿನಲ್ಲಿ ಸಿಕ್ಕಿದೆ. ನಾನು, ಯಜಮಾನರು, ಬೇಡವೆಂದರೂ ಕೇಳದ ನಮ್ಮತ್ತೆ ಬಾಡಿಗೆ ಗಾಡಿ ಮಾಡಿಕೊಂಡು ಹೋದೆವು. ರೈಟರೂ ಕಾನ್‌ಸ್ಟೇಬಲ್ಲೂ ಜೀಪಿನಲ್ಲಿ ಮೊದಲೇ ತಲುಪಿದ್ದರು.

ಕಾರು ಕಂಡವನು ತೋಪಿನ ಕಾವಲುಗಾರ. ತೆಲುಗೂ ಕನ್ನಡವೂ ಕಲೆಸಿ ಅವನೇ ಕತೆ ಹೇಳಿದ. ಎರಡು ದಿನ ನೆಂಟರ ಮನೆಗೆ ಹೋಗಿದ್ದವನಿಗೆ ಹಿಂದಿನ ದಿನ ವಾಪಸ್ ಬಂದಾಗ ಮರದ ಕೆಳಗೆ ಕಾರು ಕಂಡಿತಂತೆ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಒಬ್ಬಳು ಮುದುಕಿ ಕೂತಿದ್ದಳಂತೆ. ಜೊತೆಯವರು ಎಲ್ಲೋ ಹೋಗಿರಬೇಕೆಂದು ಇವನು ಸುಮ್ಮನಾದ. ಬಿಸಿಲೇರಿದಾಗ ಪಾಪ ಅನ್ನಿಸಿ ಕಿಟಕಿ ಹತ್ತಿರ ಹೋಗಿ, “ಪೆದ್ದಮ್ಮಾ, ನೀಳ್ಳು ತಾಗುತಾವಾ?” ಎಂದು ಕೇಳಿದ. ಮಾತಿಲ್ಲ. ತೆಲುಗು ಬಾರದವಳೇನೋ ಎಂದು ಕನ್ನಡದಲ್ಲಿ, “ದೊಡ್ಡಮ್ಮಾ, ನೀರು ಕುಡೀತೀಯಾ?” ಎಂದ. ಅದಕ್ಕೂ ಮಾತಿಲ್ಲ. ಒಂದು ಚೊಂಬು ನೀರನ್ನು ಕಾರಿನ ಮೇಲಿಟ್ಟು ಹೋದ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ನೀರು ಹಾಗೇ ಇದೆ, ಮುದುಕಿಯೂ ಹಾಗೇ ಇದ್ದಾಳೆ.

“ಸತ್ತೋಗವ್ಳೆ ಅಂತ ನಂಗೆ ಕೈಕಾಲೇ ಆಡ್ಲಿಲ್ಲ ಸ್ವಾಮಿ” ಎಂದ. ಊರಿಗೆ ಓಡಿ ಹಿರಿಯರನ್ನು ಕರೆತಂದ. ಅವರಲ್ಲಿ ಧೈರ್ಯವಿದ್ದವರೊಬ್ಬರು ಬಾಗಿಲು ತೆರೆದು ಕಂಬಳಿ ಸರಿಸಿದರು. ಒಳಗೆ ಆಂಜನೇಯ.

ನಾವು ಹೋಗುವ ಹೊತ್ತಿಗೆ ಕಾರಿನ ಸುತ್ತ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ಚಕ್ರದ ಹತ್ತಿರ ಒಡೆದ ತೆಂಗಿನಕಾಯಿ. ಹೆಂಗಸರು ಸಾಲಾಗಿ ಬಂದು ಡಿಕ್ಕಿಯಿಂದ ಹಿಡಿದು ಪ್ರದಕ್ಷಿಣೆ ಹಾಕುತ್ತಿದ್ದರು.

“ತಾನಾಗೇ ನಮ್ಮ ತೋಪಿಗೆ ಬಂದವ್ನೆ. ಕಾರು ತಗಂಡು ಹೋಗ್ರಿ, ಸ್ವಾಮಿ ಇಲ್ಲೇ ಇರ್ಲಿ” ಎಂದರು ಅಲ್ಲಿಯ ಹಿರಿಯರು.

ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. “ನಿಮ್ಮೂರಿಗೆ ಬರೋ ಮನ್ಸಿದ್ದಿದ್ರೆ ಹಾರ್ಕಂಡು ಬರ್ತಿದ್ದ ಕಣಪ್ಪಾ. ನನ್ನ ಸೊಸೆ ಕಾರಲ್ಲಿ, ನನ್ನ ಕಂಬಳಿ ಹೊದ್ಕಂಡು ಯಾಕೆ ಬರ್ತಿದ್ದ?”

ರೈಟರ್ ನಡುವೆ ಬಂದು, “ಯಾರಿಗೂ ಇಲ್ಲ. ಕಾರು, ವಿಗ್ರಹ ಎರಡೂ ಈಗ ಮುದ್ದೆಮಾಲು. ಕೋರ್ಟಿಂದ ಬಿಡಿಸ್ಕೊಬೇಕು” ಎಂದರು.

“ಮುದ್ದೆ ಮಾತು ಈಗ್ಯಾಕಪ್ಪಾ? ಮನೇಗೋಗಿ ಉಣ್ಣಾನ” ಎಂದರು ಅತ್ತೆ. ಕೇಸಿನಲ್ಲಿ ಸಿಕ್ಕ ವಸ್ತುವಿಗೆ ಹಾಗೆನ್ನುತ್ತಾರೆಂದು ಯಜಮಾನರು ಅವರನ್ನು ಪಕ್ಕಕ್ಕೆ ಕರೆದು ವಿವರಿಸಬೇಕಾಯಿತು.

ಇಷ್ಟರಲ್ಲಿ ಕಾನ್‌ಸ್ಟೇಬಲ್ ಕಾರಿನ ಮುಂಬಾಗಿಲು ತೆರೆದಿದ್ದ. “ಸಾರ್, ಕೀ ಇಲ್ಲೇ ನೇತಾಡ್ತೈತೆ” ಎಂದ. ಗೊಂಚಲಿನಲ್ಲಿ ಕಾರಿನ ಕೀ, ಆಫೀಸಿನ ಕೀ, ಬೀರುವಿನ ಕೀ, ಜೊತೆಗೆ ನನ್ನ ಹೆಸರು ಕೊರೆದ ಒಂದು ಹಿತ್ತಾಳೆಯ ಬಿಲ್ಲೆ, ಶಾಲೆಯ ಮಕ್ಕಳು ಕೊಟ್ಟಿದ್ದು.

ರೈಟರ್ ಬಿಲ್ಲೆಯನ್ನು ನಿಧಾನವಾಗಿ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಬ್ಯಾಗಲ್ಲಿದೆ ಅಂದಿದ್ರಲ್ಲ ಮೇಡಂ?”

ನಾನು ನೆಲ ನೋಡುತ್ತ ಎಲ್ಲ ಹೇಳಿದೆ. ಬ್ಯಾಟರಿ, ಸೇವಂತಿಗೆ, ಅರಳಿಕಟ್ಟೆ ಎಲ್ಲವನ್ನೂ. ಎದುರಿಗೆ ಒಂದು ಊರಿನ ಜನ, ಪಕ್ಕದಲ್ಲಿ ಅತ್ತೆ, ಯಜಮಾನರು. ನನ್ನ ತರಗತಿಯಲ್ಲಿ ಹೋಂವರ್ಕ್ ಮಾಡದೆ ಬಂದ ಮಕ್ಕಳಿಗೆ ಹೇಗಾಗುತ್ತದೆಂದು ಅವತ್ತು ಅರ್ಥವಾಯಿತು. ರೈಟರ್ ಬೈಯಲಿಲ್ಲ. ಹೇಳಿಕೆ ತಿದ್ದಿ ಬರೆಸಿ ಸಹಿ ಹಾಕಿಸಿಕೊಂಡರು. ವಾಪಸ್ ಬರುವಾಗ ಯಜಮಾನರಿಗೆ, “ಕೀ ಬ್ಯಾಗಲ್ಲಿತ್ತು ಅಂತ ನಿಮಗೂ ಸುಳ್ಳು ಹೇಳಿದೆ” ಎಂದೆ.

“ಗೊತ್ತಿತ್ತು ಕಣೇ” ಎಂದರು. “ಮೊದಲ್ನೇ ದಿನವೇ ನಿಮ್ಮ ಜವಾನ ಫೋನ್ ಮಾಡಿ, ಮೇಡಂ ಮನೇಲಿ ಕೀ ಮರ್ತವ್ರಂತೆ ನೋಡಿ ಅಂದ. ಮನೆಯೆಲ್ಲ ಹುಡುಕ್ದೆ. ಇರ್ಲಿಲ್ಲ.”

ಕೆಲವು ವಾರಗಳ ನಂತರ ಮುಳಬಾಗಿಲಿನಲ್ಲಿ ಬೈಕು ಕದಿಯಲು ಹೋಗಿ ಒಬ್ಬ ಸಿಕ್ಕಿಬಿದ್ದ. ನಮ್ಮ ಕಾರೂ ತನ್ನದೇ ಕೆಲಸವೆಂದು ಒಪ್ಪಿಕೊಂಡನಂತೆ. ಕೋಲಾರ ದಾಟಿದ ಮೇಲೆ ಕನ್ನಡಿಯಲ್ಲಿ ಹಿಂದೆ ಯಾರೋ ಕೂತಿರುವುದು ಕಂಡಿತು, ‘ಅಜ್ಜೀ, ಎಲ್ಲಿ ಇಳೀತೀಯ?’ ಎಂದು ಶ್ರೀನಿವಾಸಪುರದವರೆಗೂ ಕೇಳಿದೆ, ಅವಳು ಬಾಯಿ ಬಿಡಲಿಲ್ಲ, ಭಯವಾಗಿ ತೋಪಿನಲ್ಲಿ ನಿಲ್ಲಿಸಿ ಓಡಿದೆ ಎಂದನಂತೆ. ಇದನ್ನು ಫೋನಿನಲ್ಲಿ ಹೇಳುವಾಗ ರೈಟರಿಗೆ ನಗು ತಡೆಯಲಾಗಲಿಲ್ಲ.

ಕಾರೂ ದೇವರೂ ಕೋರ್ಟಿನಿಂದ ಬಂದರು. ಪ್ರತಿಷ್ಠೆಯೂ ಆಯಿತು. ಗೌನಿಪಲ್ಲಿಯ ಕಾವಲುಗಾರ ಒಂದು ಬುಟ್ಟಿ ಮಾವಿನಹಣ್ಣು ಹೊತ್ತುಕೊಂಡು ಬಂದಿದ್ದ. ಅವನನ್ನು ನಮ್ಮತ್ತೆ ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದರು.

ಇನ್ನು ಕಾರಿನ ಭದ್ರತೆ. ಮೊದಲು ಬ್ಯಾಟರಿ ಬದಲಾಯಿಸಿದೆ. ಅದೊಂದು ಮಾಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆಮೇಲೆ ಕೋಲಾರದ ಅಂಗಡಿಯೊಂದರಲ್ಲಿ ಸ್ಟೇರಿಂಗಿಗೆ ಹಾಕುವ ಕಬ್ಬಿಣದ ಬೀಗ, ಮುಟ್ಟಿದರೆ ಕೂಗುವ ಅಲಾರಂ, ಕಾರು ಎಲ್ಲಿದೆಯೆಂದು ಫೋನಿನಲ್ಲಿ ತೋರಿಸುವ ಜಿಪಿಎಸ್ ಮೂರನ್ನೂ ಹಾಕಿಸಿಕೊಂಡು ಬಂದೆ.

ಅಲಾರಂ ಬಾಳಿದ್ದು ಒಂಬತ್ತು ದಿನ. ಮೇಕೆ ಒರಗಿದರೂ ಕೂಗುತ್ತಿತ್ತು, ಕಾಗೆ ಕೂತರೂ ಕೂಗುತ್ತಿತ್ತು. ಆ ಸದ್ದಿಗೆ ಹುಳು ಸೊಪ್ಪು ತಿನ್ನುವುದನ್ನೇ ನಿಲ್ಲಿಸಿವೆ ಎಂದು ಯಜಮಾನರು ತಕರಾರು ತೆಗೆದರು. ಹುಳುಗಳು ತಿನ್ನುತ್ತಲೇ ಇದ್ದವು. ನಿದ್ದೆ ಕೆಟ್ಟಿದ್ದು ಇವರದು. ಅದನ್ನು ತೆಗೆಸಿದೆ.

ಜಿಪಿಎಸ್ಸನ್ನು ಯಜಮಾನರ ಫೋನಿಗೆ ಹಾಕಿಸಿದ್ದೆ. ಕಾರು ಕಳುವಾದರೆ ಎಂಜಿನ್ ಬಂದ್ ಮಾಡಲು ಅದರಲ್ಲಿ ಒಂದು ಕೆಂಪು ಬಟನ್ ಇತ್ತು. ಒಂದು ದಿನ ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡೋಣವೆಂದು ಅವರು ತೋಟದಲ್ಲಿ ಕೂತು ಒತ್ತಿದರು. ಕೆಲಸ ಮಾಡಿತು. ಹಾಲಿನ ಲಾರಿಗೆ ದಾರಿ ಬಿಟ್ಟು ನಾನು ನಿಂತಿದ್ದ ಜಾಗದಲ್ಲೇ ಕಾರು ಉಸಿರು ಬಿಟ್ಟಿತು. ಎದುರಿಗೆ ಮಾಲೂರು ಠಾಣೆ. ರೈಟರ್ ಹೊರಗೆ ಬಂದು, ಕಿಟಕಿಯಲ್ಲಿ ಬಗ್ಗಿ, ಮೊದಲು ಹಿಂದಿನ ಸೀಟು ನೋಡಿದರು.

ಅವತ್ತೇ ಕೆಂಪು ಬಟನ್ನನ್ನು ನನ್ನ ಫೋನಿಗೆ ವರ್ಗಾಯಿಸಿದೆ. ನಕ್ಷೆ ಮಾತ್ರ ಯಜಮಾನರಿಗೆ ಉಳಿಯಿತು. ಮೊದಮೊದಲು, “ಟೇಕಲ್ ಹತ್ರ ಯಾಕೆ ನಿಂತಿದ್ದೀಯ?” ಎಂದು ಫೋನ್ ಮಾಡುತ್ತಿದ್ದರು. ರೈಲ್ವೆ ಗೇಟು ಹಾಕಿದ್ದಾರೆ ಎಂದು ಮೂರು ನಾಲ್ಕು ಸಲ ಹೇಳಿದ ಮೇಲೆ ಅದೂ ನಿಂತಿತು. ಈಗ ಅವರಿಗೆ ಆ ನಕ್ಷೆಯಿಂದ ಇರುವ ಉಪಯೋಗ ಒಂದೇ. ಕಾರು ಮಾಸ್ತಿ ದಾಟಿತೆಂದು ಕಂಡ ಕೂಡಲೇ ಒಲೆಯ ಮೇಲೆ ಹಾಲಿಡುತ್ತಾರೆ. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ನಾನು ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಕಾಫಿ ಸಿಗಲು ಶುರುವಾದದ್ದು ಇದಾದ ಮೇಲೆಯೇ.

ಮೊನ್ನೆ ಒಳಗೆ ಬಂದರೆ ಲೋಟ ತಣ್ಣಗಿತ್ತು. ಇವರು ಮುಖ ಊದಿಸಿಕೊಂಡು ಕೂತಿದ್ದರು.

“ಹುಣಸೇಮರದ ಹತ್ರ ಕಾಲು ಗಂಟೆ ನಿಂತಿದ್ದೆಯಲ್ಲ. ಯಾರ ಜೊತೆ ಮಾತು?”

“ನಿಮ್ಮಮ್ಮನ ಜೊತೆ” ಎಂದೆ. “ನಿಮ್ಮ ಬಗ್ಗೇನೇ. ಇನ್ನೂ ಮುಗ್ದಿಲ್ಲ, ಬರ್ತಾ ಇದ್ದಾರೆ.”