ಯಾರೂ ಕೂಗದ ಸೀಸನ್ನು

"ಗಂಡನಿಗೆ ಹುಚ್ಚು, ಹೆಂಡತಿಗೆ ಗಂಟಲು" ಎಂದು ಆ ಬೀದಿಯವರು ಅನ್ನುತ್ತಿದ್ದರು.

ಅಮೆರಿಕದ ಫ್ರೀಮಾಂಟಿನ ಆ ಬೀದಿಯಲ್ಲಿ ಇದ್ದವರೆಲ್ಲ ಕ್ರಿಕೆಟ್ಟಿನ ಮಂದಿ. ಶನಿವಾರ ಬಂತೆಂದರೆ ಸಾಲು ಸಾಲಾಗಿ ಗ್ಯಾರೇಜಿನ ಬಾಗಿಲುಗಳು ಮೇಲೇಳುತ್ತಿದ್ದವು, ಬ್ಯಾಟು ಪ್ಯಾಡು ಹೊರಬೀಳುತ್ತಿದ್ದವು. ಒಂದೇ ಒಂದು ಮನೆಯಿಂದ ಮಾತ್ರ ಮೊಟ್ಟೆಯಂಥ ಚೆಂಡು ಹೊರಗೆ ಬರುತ್ತಿತ್ತು. ಚೆಂಡಿನ ಹಿಂದೆ ರಾಣೆಬೆನ್ನೂರಿನ ಶಿವರುದ್ರಪ್ಪ, ಅವನ ಹಿಂದೆ ಬುತ್ತಿಯ ಡಬ್ಬಿಗಳನ್ನು ಹೊತ್ತ ಹೆಂಡತಿ ದಾನವ್ವ.

ಪಕ್ಕದ ಮನೆಯ ವೆಂಕಟೇಶ್ ಮಂಡ್ಯದವನು. ಬೇಲಿಯ ಮೇಲೆ ಮೊಣಕೈ ಊರಿ ಶಿವರುದ್ರಪ್ಪನನ್ನು ಒಮ್ಮೆ ಕೆಣಕದಿದ್ದರೆ ಅವನಿಗೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಏನ್ ಶಿವರುದ್ರಪ್ಪನೋರೇ, ಇವತ್ತಾದ್ರೂ ಮೊಟ್ಟೆ ಒಡೀತದಾ?"

"ಇಲ್ರೀ, ಕಾವು ಕೊಡಾಕತ್ತೀವಿ. ಮರಿ ಆದಕೂಡ್ಲೇ ನಿಮಗ ಮೊದಲು ತೋರಸ್ತೀನಿ."

"ಅಲ್ಲಾ, ಗುರಿ ತಪ್ಪಿದ್ರೂ ಒಂದ್ ಪಾಯಿಂಟ್ ಕೊಡ್ತಾರಂತಲ್ಲ ನಿಮ್ಮಾಟದಲ್ಲಿ? ಅದೂ ಒಂದ್ ಆಟವಾ?"

"ತಪ್ಪಿದವಗೂ ಒಂದು ತುತ್ತು ಹಾಕಿ ಕಳಸೋ ಆಟ ಐತ್ರೀ ಅದು. ನಿಮ್ಮ ಕ್ರಿಕೆಟ್ನ್ಯಾಗ ತಪ್ಪಿದ್ರ ಸೀದಾ ಮನೀಗೆ."

ಆ ಹುಚ್ಚು, ಆಸ್ಟ್ರೇಲಿಯಾದವರದೇ ಬಗೆಯ ಫುಟ್‌ಬಾಲಿನ ಹುಚ್ಚು, ಅವನಿಗೆ ಹಿಡಿದದ್ದು ಆ ದೇಶದಲ್ಲೇ. ಹರೆಯದಲ್ಲಿ, ಮದುವೆಗೂ ಮುಂಚೆ, ಜೀಲಾಂಗ್ ಎಂಬ ಊರಿನ ಪಂಪಿನ ಕಾರ್ಖಾನೆಗೆ ಇಂಜಿನಿಯರಾಗಿ ಹೋಗಿದ್ದ. ಮಾತಿಗೆ ಮನುಷ್ಯರಿಲ್ಲದ ಚಳಿಗಾಲ. ಜೊತೆಯ ಕೆಲಸಗಾರನೊಬ್ಬ ಕೈಹಿಡಿದು ಮೈದಾನಕ್ಕೆ ಎಳೆದುಕೊಂಡು ಹೋದ. ಮೈದಾನವೂ ಮೊಟ್ಟೆಯ ಆಕಾರ, ಚೆಂಡೂ ಮೊಟ್ಟೆಯ ಆಕಾರ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎತ್ತರದ ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕಕ್ಕೆ ಸರಿದರೂ ಒಂದು. ಅವತ್ತು ಎಡಕ್ಕೂ ಬಲಕ್ಕೂ ನಿಂತಿದ್ದ ಗುರುತಿಲ್ಲದ ಜನ ಅವನ ಹೆಗಲ ಮೇಲೆ ಕೈಹಾಕಿ ಕುಣಿದರು. ಇವನೂ ಕುಣಿದ. ಅಲ್ಲಿಗೆ ಆಯಿತು.

ಆಮೇಲೆ ಮದುವೆ, ಮಗಳು, ಅಮೆರಿಕ. ಇಲ್ಲಿಗೆ ಬಂದ ಹೊಸದರಲ್ಲೇ ಅವನಿಗೆ ಪೆಲಿಕನ್ಸ್ ಎಂಬ ಕ್ಲಬ್ಬು ಸಿಕ್ಕಿತು. ಕೆಲಸಕ್ಕೆಂದು ಬಂದಿದ್ದ ಆಸ್ಟ್ರೇಲಿಯಾದ ಹುಡುಗರು ಕಟ್ಟಿಕೊಂಡದ್ದು. ಇಲ್ಲಿಯ ಹುಡುಗರೂ ಒಬ್ಬೊಬ್ಬರೇ ಸೇರಿಕೊಂಡಿದ್ದರು. ಮನೆ ಕೊಳ್ಳುವಾಗ ಶಿವರುದ್ರಪ್ಪ ಅಡುಗೆಮನೆಗೆ ಕಾಲಿಡಲಿಲ್ಲ. ಹಿತ್ತಲ ಬಾಗಿಲಿನಿಂದ ಪೆಲಿಕನ್ಸ್ ಆಡುವ ಕೆರೆದಂಡೆಯ ಮೈದಾನ ಎಷ್ಟು ದೂರವೆಂದು ನಡೆದು ನೋಡಿ ಬಂದು "ತಗೊಳ್ಳೋಣ" ಅಂದ. "ಒಲಿ ಎಲ್ಲೈತಿ ಅಂತನೂ ನೋಡಲಿಲ್ಲ ನಮ್ಮವ್ರು" ಎಂದು ದಾನವ್ವ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ದಾನವ್ವ ಆಟದ ನಿಯಮ ಕಲಿಯಲೇ ಇಲ್ಲ. "ಚೆಂಡು ಯಾರ ಕೈಯಾಗೈತಿ ಅಂವ ಓಡಬೇಕು. ಅಷ್ಟ ಅಲ್ಲೇನು?" ಅನ್ನುತ್ತಿದ್ದಳು. ಯಾರಾದರೂ ಚೆಂಡು ಎದೆಗವಚಿ ಓಡತೊಡಗಿದರೆ ಸಾಕು, ಮಡಚುವ ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗುತ್ತಿದ್ದಳು:

"ನಡೀ ನನ್ನಪ್ಪಾ, ನಡೀ!"

ಅದು ಅವಳ ಹಳೆಯ ಕೂಗೇ. ಚಳಿಗೆ ಸ್ಟಾರ್ಟಾಗದ ಕಾರಿಗೂ ಅದೇ, ಉಕ್ಕಲು ತಡಮಾಡುವ ಹಾಲಿಗೂ ಅದೇ. ಮಗಳು ದೀಪಾಲಿ ಮೊದಲು ಸೈಕಲ್ಲು ಹತ್ತಿದಾಗ "ನಡೀ ನನ್ನವ್ವಾ" ಆಗಿತ್ತು. ಕೆರೆಯ ಬಾತುಗಳೆಲ್ಲ ಒಟ್ಟಿಗೆ ಎದ್ದು ಹಾರುವಷ್ಟು ದೊಡ್ಡ ಕೂಗು. ಒಮ್ಮೆ ಎದುರು ತಂಡದ ಹುಡುಗ ಚೆಂಡು ಹಿಡಿದು ಓಡಿದಾಗಲೂ ಕೂಗಿಬಿಟ್ಟಳು. ಶಿವರುದ್ರಪ್ಪ ತಲೆ ಚಚ್ಚಿಕೊಂಡ.

"ಏ, ಅಂವ ನಮ್ಮಂವ ಅಲ್ಲ!"

"ಯಾರ ಮಗನರ ಆಗ್ಲಿ ತಗೋರಿ. ಅಷ್ಟು ಜೀವ ಬಿಟ್ಟು ಓಡಾಕತ್ತಾನ."

ವರ್ಷ ಎರಡು ವರ್ಷ ಕೇಳಿ ಕೇಳಿ ಆ ಕೂಗು ತಂಡಕ್ಕೇ ಅಂಟಿಕೊಂಡಿತು. ಅರ್ಥ ಗೊತ್ತಿಲ್ಲದ ಕೆಂಚುಗೂದಲಿನ ಹುಡುಗರು ನಾಲಗೆ ಹೊರಳದೆ "ನಾಡಿ ನಾನಾಪಾ" ಎಂದು ಕೂಗುತ್ತಿದ್ದರು. ಸ್ಯಾಕ್ರಮೆಂಟೊದಿಂದ ಆಡಲು ಬಂದವರು ಅದೇನೋ ಮಂತ್ರವೆಂದು ತಿಳಿದಿದ್ದರು.

ಇನ್ನೊಂದು ರೂಢಿಯಿತ್ತು. ಸೀಸನ್ನಿನ ಕೊನೆಯ ಪಂದ್ಯ ಮುಗಿದ ಭಾನುವಾರ ಎಲ್ಲರೂ ಶಿವರುದ್ರಪ್ಪನ ಹಿತ್ತಲಿಗೆ ಬರಬೇಕು. ನಿಂಬೆ ಗಿಡದ ಕೆಳಗೆ ಅವನು ಕುರ್ಚಿ ಹಾಕಿ ಕುಳಿತು ಪಂಚಾಯ್ತಿ ನಡೆಸುತ್ತಿದ್ದ. ಯಾರು ಚೆನ್ನಾಗಿ ಆಡಿದರು, ಯಾರು ಹೊಟ್ಟೆ ಬೆಳೆಸಿದರು, ಸಪೋರ್ಟರುಗಳಲ್ಲಿ ಯಾರು ಅರ್ಧಕ್ಕೇ ಎದ್ದು ಹೋದರು, ಯಾರು ಅಂಪೈರನ್ನು ಬೈದರು, ಎಲ್ಲ ಮುಖದ ಮೇಲೇ ಹೇಳುತ್ತಿದ್ದ. ಯಾರೂ ಎದುರಾಡುವಂತಿಲ್ಲ. ಬೈಸಿಕೊಂಡವನು ಅಲ್ಲಿಂದ ಸೀದಾ ದಾನವ್ವನ ಮುಂದೆ ಹೋಗಿ ಬಾಯಿ ತೆರೆಯಬೇಕು. ಅವಳು ಒಂದು ಚಮಚ ಗೋದಿ ಹುಗ್ಗಿ ಬಾಯಿಗಿಡುತ್ತಿದ್ದಳು. "ಬೇವು ಅವರದು, ಬೆಲ್ಲ ನನದು" ಅನ್ನುತ್ತಿದ್ದಳು. ಎಲ್ಲರದೂ ಆದ ಮೇಲೆ ಗಂಡನ ಬಾಯಿಗೂ ಒಂದು ಚಮಚ ಬೀಳುತ್ತಿತ್ತು. "ಬೈದು ಬೈದು ಬಾಯಿ ಕಹಿ ಆಗಿರ್ತದ, ತಗೋರಿ."

ಈ ವರ್ಷ ಸಂಕ್ರಾಂತಿ ಮುಗಿದ ವಾರ ದಾನವ್ವ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಳು. ಮರಳಿ ಬರಲಿಲ್ಲ. ಕೊನೆಯ ದರ್ಶನಕ್ಕೆ ಪೆಲಿಕನ್ಸ್ ಹುಡುಗರೆಲ್ಲ ತಂಡದ ಜರ್ಸಿ ತೊಟ್ಟು ಬಂದು, ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದರು.

ಏಪ್ರಿಲ್ಲಿನಲ್ಲಿ ಸೀಸನ್ನು ಶುರುವಾಯಿತು. ದೀಪಾಲಿ ತಾನಿರುವ ಎವರ್‌ಗ್ರೀನ್ ಬಡಾವಣೆಯಿಂದ ಫೋನು ಮಾಡಿ, "ಅಪ್ಪಾ, ಈ ವರ್ಷ ಬಿಟ್ಬಿಡಿ, ಸುಮ್ನೆ ಬೇಜಾರು" ಅಂದಳು. ಶಿವರುದ್ರಪ್ಪ ಬಿಡಲಿಲ್ಲ. ಎರಡು ಕುರ್ಚಿ ಹೊತ್ತು ಹೋಗಿ ಮೈದಾನದ ಗೆರೆಯ ಪಕ್ಕದಲ್ಲಿ ಎರಡನ್ನೂ ಬಿಚ್ಚಿಟ್ಟು ಒಂದರಲ್ಲಿ ಕುಳಿತ. ಈ ಸಲ ತಂಡ ಗೆಲ್ಲಲಿ ಎಂಬ ಆಸೆ ಅವನಿಗಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ. ಆ ಕೂಗು, ಅವಳಿಲ್ಲದೆಯೂ, ಆ ಹುಡುಗರ ಬಾಯಿಂದ ಒಂದು ಸಲ ಬರಬೇಕು. ಅದನ್ನು ಕೇಳಲೆಂದೇ ಬಂದಿದ್ದ.

ಮೊದಲ ಪಂದ್ಯದಲ್ಲೇ ನಾಯಕ ಆಕಾಶ ಚೆಂಡು ಹಿಡಿದು ಅವನೆದುರೇ ಗೆರೆಗುಂಟ ಓಡಿದ. ಆಕಾಶ ಹುಬ್ಬಳ್ಳಿಯವರ ಮಗ, ಹುಟ್ಟಿದ್ದು ಇಲ್ಲೇ, ದಾನವ್ವನ ಕೈತುತ್ತು ತಿಂದು ಬೆಳೆದವನು. ಶಿವರುದ್ರಪ್ಪ ಉಸಿರು ಹಿಡಿದ. ಬೆನ್ನ ಹಿಂದೆ ಚಪ್ಪಾಳೆ ಬಂತು, ಸಿಳ್ಳೆ ಬಂತು, "ಗೋ, ಗೋ" ಎಂದು ಯಾರೋ ಅಂದರು. ಕೂಗು ಬರಲಿಲ್ಲ.

ಮೊದಲ ಸಲ ತಾನೇ, ಸಂಕೋಚವಿರಬೇಕು ಅಂದುಕೊಂಡ. ಎರಡನೆಯದರಲ್ಲೂ ಇಲ್ಲ. ಮೇ ಹೋಯಿತು, ಬೆಟ್ಟದ ಹುಲ್ಲೆಲ್ಲ ಒಣಗಿ ಹಳದಿಯಾಯಿತು, ಜೂನೂ ಹೋಯಿತು. ಕೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಕೇಳುವುದು? ನನ್ನ ಹೆಂಡತಿಯ ನೆನಪು ಮಾಡಿರಿ ಎಂದು ಯಾರಾದರೂ ಕೈಯೊಡ್ಡಿ ಬೇಡುತ್ತಾರೆಯೇ?

ಅತ್ತ ತಂಡ ಸೋಲುತ್ತಲೇ ಹೋಯಿತು. ಕೆಲಸ ಕಳೆದುಕೊಂಡ ಇಬ್ಬರು ಟೆಕ್ಸಾಸಿಗೆ ಹೋದರು, ಬಾಡಿಗೆ ತಾಳದೆ ಮತ್ತಿಬ್ಬರು ಸಿಯಾಟಲ್ಲಿಗೆ. ನೋಡಲು ಬರುವವರೂ ಕರಗಿದರು. ಹಿಂದೆ ದಾನವ್ವನ ರೊಟ್ಟಿ ಬುತ್ತಿಯ ಸುತ್ತ ಸಂತೆಯಾಗುತ್ತಿತ್ತು. ಈಗ ಜನಕ್ಕಿಂತ ಬಾತುಗಳೇ ಹೆಚ್ಚು. ಬೇಲಿಯಾಚೆಯ ವೆಂಕಟೇಶನೂ ಕೆಣಕುವುದನ್ನು ಬಿಟ್ಟಿದ್ದ. "ಊಟ ಆಯ್ತಾ ಸಾರ್" ಎಂದು ನೆಲ ನೋಡುತ್ತ ಕೇಳಿ ಒಳಗೆ ಹೋಗುತ್ತಿದ್ದ. ಆ "ಸಾರ್" ಶಿವರುದ್ರಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಆಕಾಶ ಮತ್ತೊಮ್ಮೆ ಓಡಿದ. ತಂಡದ ಹಿರಿಯ ಡ್ಯಾರಿಲ್ ಗೆರೆಯಾಚೆ ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು ನಿಂತಿದ್ದ. ಅವನು ಮೆಲ್ಬರ್ನಿನ ಬಡಗಿ, ಆ ಕೂಗಿನಲ್ಲಿ ದಾನವ್ವನ ಮೊದಲ ಶಿಷ್ಯ. ಅವನ ಬಾಯಿ ತೆರೆಯಿತು. ಆ ಖಾಲಿ ಕುರ್ಚಿಯ ಮೇಲೆ ಕಣ್ಣು ಬಿತ್ತು. ಬಾಯಿ ಮುಚ್ಚಿತು. ಶಿವರುದ್ರಪ್ಪ ಅದನ್ನು ನೋಡಲಿಲ್ಲ. ಅವನ ದೃಷ್ಟಿ ಚೆಂಡಿನ ಮೇಲಿತ್ತು. ಆಕಾಶ ಒದ್ದ ಚೆಂಡು ಪಕ್ಕಕ್ಕೆ ಸರಿದು ಒಂದು ಅಂಕವಾಯಿತು. ಸೋಲು.

ಭಾನುವಾರ ಶಿವರುದ್ರಪ್ಪ ತಾನೇ ಹುಗ್ಗಿ ಮಾಡಿದ. ಗೋದಿ ಇನ್ನೊಂದಿಷ್ಟು ಬೇಯಬೇಕಿತ್ತು. ದೊಡ್ಡ ಪಾತ್ರೆಯ ತುಂಬ ಮಾಡಿದ್ದ. ಬಂದವರು ಆಕಾಶ, ಡ್ಯಾರಿಲ್, ಹಿಂದಿನ ಸಾಲಿನ ಆಟಗಾರ ವಿಕಾಸ್, ಬೇಲಿ ದಾಟಿ ವೆಂಕಟೇಶ್. ನಿಂಬೆ ಗಿಡದ ಕೆಳಗೆ ಪಂಚಾಯ್ತಿ ಕೂತಿತು. ಡ್ಯಾರಿಲ್‌ಗೆ ಆಕಾಶ ಪಕ್ಕದಲ್ಲೇ ಕೂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

"ವಿಕಾಸ್, ನೀ ಚೆಂಡಿನ ಹಿಂದ ಓಡಬೇಕು. ಚೆಂಡು ನಿನ್ನ ಹುಡುಕ್ಕೋತ ಬರಂಗಿಲ್ಲ. ಡ್ಯಾರಿಲ್, ನಿನ್ನ ಮೊಣಕಾಲು ರಿಟೈರ್ ಆಗಿ ಎರಡು ವರ್ಷ ಆತು, ನಿನಗಷ್ಟ ಗೊತ್ತಾಗಿಲ್ಲ. ಆಕಾಶ, ನಿಂದು ತಪ್ಪಿಲ್ಲಪಾ. ಇದ್ದ ಮಂದಿನ್ನ ಕಟ್ಟಿಕೊಂಡು ನೀ ಆಡಿದ್ದು ದೊಡ್ಡದು."

ಆಮೇಲೆ ಧ್ವನಿ ಬದಲಾಯಿತು.

"ಇನ್ನ ಸಪೋರ್ಟರು. ಸೋತ ತಂಡದ ಹಿಂದ ನಿಂದರದಂವ ಸಪೋರ್ಟರ್ ಅಲ್ಲ, ಬೀಗರ ಊಟಕ್ಕ ಬಂದಂವ. ಹೋಗ್ಲಿ, ಬರದವರ ಮಾತು ಬ್ಯಾಡ. ಬಂದವರಿಗೆ ಹೇಳ್ತೀನಿ. ಇಷ್ಟು ವರ್ಷ ಆಕೀ ಕೈಯಾಗ ಉಂಡ್ರಿ. ಆಕೀ ಕೂಗು ಕೂಗಿದ್ರಿ. ಆಕೀ ಹೋಗಿ ಮೂರು ತಿಂಗಳಿಗೆ ಮರತ್ರಿ. ಒಬ್ಬ ಮಗಾ, ಒಂದ ಸಲ, ಬಾಯಿ ಬಿಡಲಿಲ್ಲ."

ಯಾರೂ ಎದುರಾಡುವಂತಿಲ್ಲ ಎಂಬ ನಿಯಮವಿತ್ತಲ್ಲ. ಆಕಾಶ ಮೊದಲ ಸಲ ಅದನ್ನು ಮುರಿದ.

"ಕಾಕಾ, ನೋ... ಮರ್ತಿಲ್ಲ. ಕಾಕು ಫ್ಯೂನರಲ್ಲಿನಲ್ಲೇ ನಾವೆಲ್ಲ ಮಾತಾಡ್ಕೊಂಡ್ವಿ. ನಿಮ್ಮೆದುರಿಗೆ ಅದನ್ನ ಕೂಗಿದ್ರೆ ನಿಮಗೆ ತಡ್ಕೊಳ್ಳೋಕಾಗಲ್ಲ ಅಂತ. ಯಾರೂ ಕೂಗಬಾರ್ದು ಅಂತ ನಾನೇ ರೂಲ್ ಮಾಡ್ದೆ. ಡ್ಯಾರಿಲ್‌ಗೆ ಎಷ್ಟ್ ಸಲ ಬಾಯಿವರೆಗೂ ಬಂದಿತ್ತು ಕೇಳಿ."

ತನ್ನ ಹೆಸರು ಕೇಳಿದ ಡ್ಯಾರಿಲ್ ಮಾತಿನ ಜಾಡು ತಿಳಿದು ತಲೆ ಅಲ್ಲಾಡಿಸಿದ. ಅಷ್ಟು ದೊಡ್ಡ ಗಂಡಸು ಮುಂಗೈಯಿಂದ ಕಣ್ಣು ಒರೆಸಿಕೊಂಡ. ವೆಂಕಟೇಶ್ ತನಗೂ ಸೇರಿದ ಮಾತೆಂಬಂತೆ ಹುಲ್ಲು ನೋಡುತ್ತ ಕುಳಿತಿದ್ದ.

ಶಿವರುದ್ರಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಮೆಲ್ಲಗೆ ನಕ್ಕ. ಆ ವರ್ಷದ ಮೊದಲ ನಗು.

"ಹುಚ್ಚಪ್ಪಗಳ್ರಾ. ಅದನ್ನ ಕೇಳಾಕಂತನ ನಾ ಬರ್ತಿದ್ನಲ್ಲೋ. ಇರಲಿ ಬಿಡ್ರಿ. ಮುಂದಿನ ಏಪ್ರಿಲ್‌ದಾಗ ಮೊದಲನೇ ಮ್ಯಾಚಿಗೇ ಕೂಗ್ರಿ. ಬಾತು ಹಾರಬೇಕು, ಹಂಗ."

ವಿಕಾಸ್ ಆಕಾಶನ ಮುಖ ನೋಡಿದ. ಆಕಾಶ ನಿಂಬೆ ಗಿಡ ನೋಡಿದ.

"ಕಾಕಾ, ಮುಂದಿನ ವರ್ಷ ಇಲ್ಲ. ಪ್ಲೇಯರ್ಸೇ ಇಲ್ಲ, ಕ್ಲಬ್ ಮುಚ್ತಾ ಇದೀವಿ. ಉಳಿದವರು ಸ್ಯಾನ್ ಫ್ರಾನ್ಸಿಸ್ಕೊ ಟೀಮಿಗೆ ಹೋಗ್ತೀವಿ. ಇವತ್ತು ಅದನ್ನೇ ಹೇಳೋಕೆ ಬಂದಿದ್ದು."

ಡ್ಯಾರಿಲ್‌ಗೆ ಏನನ್ನಿಸಿತೋ, ಎದ್ದು ನಿಂತು, ಎದೆ ತುಂಬ ಉಸಿರೆಳೆದು ಆ ಹಿತ್ತಲಲ್ಲೇ ಕೂಗಿದ: "ನಾಡಿ ನಾನಾಪಾ, ನಾಡಿ!" ಕೂಗು ಬೇಲಿಗೆ ಬಡಿಯಿತು. ಯಾರದೋ ಮನೆಯ ನಾಯಿ ಬೊಗಳಿತು. ಚೆಂಡು ಹಿಡಿದವರಿಲ್ಲ, ಓಡುವವರಿಲ್ಲ. ಎರಡನೆಯ ಸಲ ಕೂಗಲು ಹೋದವನ ಧ್ವನಿ ಅರ್ಧಕ್ಕೇ ಒಡೆಯಿತು.

"ಸಾಕಪಾ" ಅಂದ ಶಿವರುದ್ರಪ್ಪ. "ಓಡೋ ಹುಡುಗ ಇದ್ರ ಆ ಕೂಗು. ಕೂತವರಿಗೆ ಅಲ್ಲ ಅದು."

ಅವನೇ ಎದ್ದು ಚಮಚ ಹಿಡಿದು ಒಬ್ಬೊಬ್ಬರ ಬಾಯಿಗೂ ಹುಗ್ಗಿ ಇಟ್ಟ. ಬೇಯದ ಗೋದಿಯನ್ನು ಅವರು ಅಗಿದು ಅಗಿದು ನುಂಗಿದರು. ಕೊನೆಗೆ ಆಕಾಶ ಚಮಚ ತೆಗೆದುಕೊಂಡು ಅವನ ಬಾಯಿಯ ಹತ್ತಿರ ತಂದ. ಶಿವರುದ್ರಪ್ಪ ಮುಖ ತಿರುಗಿಸಿ, "ನಂದು ಆಗೇತಿ" ಅಂದ. ಆಗಿರಲಿಲ್ಲ.

ಮೈದಾನಕ್ಕೆಂದು ಕೊಂಡ ಮನೆ. ಮೈದಾನದ ಕೆಲಸ ಮುಗಿಯಿತಲ್ಲ. ದೀಪಾವಳಿಗೆ ಬಂದ ಮಗಳೊಡನೆ ಅವನೇ ಮಾತು ತೆಗೆದ: "ನಿಮ್ಮನೀ ಕಡೆ ಬಂದ್ಬಿಡ್ತೀನವ್ವ." ಅವಳು ತಾಯಿ ಹೋದಾಗಿನಿಂದ ಕರೆಯುತ್ತಿದ್ದವಳು, ಕೇಳಿದ ಮೇಲೆ ಅತ್ತಳು. ಮನೆ ಬೇಗನೆ ಮಾರಾಟವಾಯಿತು. ಕೊಂಡವರ ಗ್ಯಾರೇಜಿಗೂ ಕ್ರಿಕೆಟ್ ಕಿಟ್ಟೇ ಬರಲಿತ್ತು.

ಹೊರಡುವ ದಿನ ಬೆಳಿಗ್ಗೆ ಕಾರಿನಲ್ಲಿ ಸಾಮಾನೆಲ್ಲ ತುಂಬಿಯಾಗಿತ್ತು. ವೆಂಕಟೇಶ್ ಬೇಲಿಯ ಹತ್ತಿರ ಬಂದು ನಿಂತ. ಶಿವರುದ್ರಪ್ಪನ ಕಂಕುಳಲ್ಲಿ ಆ ಚೆಂಡಿತ್ತು. ಮೊಟ್ಟೆಯ ಮಾತೊಂದು ವೆಂಕಟೇಶನ ನಾಲಗೆಯ ತುದಿಗೆ ಬಂದಿದ್ದೀತು. "ಹುಷಾರು ಸಾರ್" ಎಂದಷ್ಟೇ ಹೇಳಿದ.

ದೀಪಾಲಿ ಡ್ರೈವ್‌ವೇಯಲ್ಲಿ ಕಾರಿನ ಬಾಗಿಲು ತೆರೆದು ಹಿಡಿದು ಕಾಯುತ್ತಿದ್ದಳು. ಶಿವರುದ್ರಪ್ಪ ಒಮ್ಮೆ ಒಳಗೆ ಹೋಗಿ, ಕಂಕುಳಲ್ಲಿ ಚೆಂಡು, ಒಂದು ಕೈಯಲ್ಲಿ ದಾನವ್ವನ ಮಡಚುವ ಕುರ್ಚಿ ಹಿಡಿದು ಹೊಸ್ತಿಲವರೆಗೆ ಬಂದ. ಅಲ್ಲಿ ನಿಂತ. ಕಾಲು ಮೇಲೇಳಲಿಲ್ಲ. ತಲೆ ತಗ್ಗಿಸಿ, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ನಿಂತೇ ಇದ್ದ.

ದೀಪಾಲಿ ಅದನ್ನು ನೋಡಿದಳು. ತಾಯಿಯ ಆ ಮಾತು ಅವಳ ಬಾಯಿಗೆ ತಾನಾಗಿ ಬಂತು, ತುಟಿ ಬಿಚ್ಚಿತು. ಬೇಡ, ಅಪ್ಪನಿಗೆ ನೋವಾದೀತು ಅಂದುಕೊಂಡು ತುಟಿ ಕಚ್ಚಿ ಹಿಡಿದಳು.

ಶಿವರುದ್ರಪ್ಪ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಸದ್ದಿಲ್ಲದೆ ಹೊಸ್ತಿಲು ದಾಟಿ, ಬೆನ್ನ ಹಿಂದಿನ ಬಾಗಿಲು ಎಳೆದುಕೊಂಡ.